ಭೀಮನಿಗೂ ಓದಿ ಹೇಳಿರಿ

ಕಲಬುರಗಿ
11 ಜೂನ್ 2023

ಅಕ್ಕಾವ್ರಿಗೆ ಕನಕರಾಜ ಮಾಡುವ ನಮಸ್ಕಾರಗಳು.

ಪೊಲೀಸ್ ತರಬೇತಿ ಶಾಲೆಗೆ ಸುಖವಾಗಿ ಬಂದು ಮುಟ್ಟಿದ್ದೇನೆ. ಬಂದ ದಿನವೇ ತಲೆಗೂದಲು ಹೋಯಿತು, ಫೋನೂ ಹೋಯಿತು. ಫೋನನ್ನು ಭಾನುವಾರ ಕೊಡುತ್ತಾರೆ, ಮನೆಯವರ ಜೊತೆ ನಾಲ್ಕು ಮಾತಿಗೆ. ಅವ್ವ ಕುರಿ ಹಿಂದೆ ಅಡವಿಯಲ್ಲಿದ್ದರೆ ಅದೂ ಇಲ್ಲ. ಅದಕ್ಕೇ ಈ ಕಾಗದ. ಪರೀಕ್ಷೆ ಬಿಟ್ಟರೆ ಇಷ್ಟುದ್ದ ಏನನ್ನೂ ಬರೆದವನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಮೊದಲ ದಿನದ ಓಟದಲ್ಲಿ ನಾನು ಮುಂದಿನವರಲ್ಲಿದ್ದೆ. ಕವಾಯತಿನ ಸಾಹೇಬರು ಕರೆದು, "ಎಲ್ಲಿ ಕಲಿತೆಪ್ಪ ಓಡೋದು?" ಎಂದರು. "ಗುಡೇಕೋಟಿ ಪೊಲೀಸ್ ಠಾಣೆದಾಗ ರಿ" ಎಂದೆ. "ಠಾಣೆದಾಗ ಓಡಿಸಿದ್ರೋ, ಠಾಣೆಯಿಂದ ಓಡಿಹೋದ್ಯೋ?" ಎಂದು ಕೇಳಿದರು. ಇಡೀ ಸಾಲು ನಕ್ಕಿತು. ಆಮೇಲೆ ನಾನು ಎಲ್ಲ ಹೇಳಿದೆ. ಗುಡ್ಡದ ಬಂಡೆ ಮೇಲೆ ಕೂತು ದಿನಗಳೆಯುತ್ತಿದ್ದ ನಮ್ಮನ್ನು ಹೆಡ್ ಕಾನ್‌ಸ್ಟೇಬಲ್ ಗಂಗಾಂಬಿಕಾ ಮೇಡಂ, ಅಂದರೆ ನೀವು, ಲಾಠಿ ಎತ್ತದೆ ಸಾಲೆ ಬಯಲಿಗೆ ಕರೆತಂದದ್ದು, ನಸುಕಿನಲ್ಲಿ ಕರಡಿಯ ಭಯಕ್ಕೆ ಕೈಯಲ್ಲಿ ಕೋಲು ಹಿಡಿದೇ ಓಡುತ್ತಿದ್ದದ್ದು, ಸಂಜೆ ಠಾಣೆಯ ಜಗಲಿಯಲ್ಲಿ ಲೆಕ್ಕ ಮಾಡಿಸಿದ್ದು. ಇಲಾಖೆಯವರು ಅದಕ್ಕೆ ‘ಯುವಸ್ನೇಹ’ ಎಂದು ಹೆಸರಿಟ್ಟು ಫ್ಲೆಕ್ಸ್ ಕಟ್ಟಿದ್ದು ಎರಡು ವರ್ಷ ಕಳೆದ ಮೇಲೆ ಎಂಬುದನ್ನೂ ಹೇಳಿದೆ.

ಗೆಳೆಯ ಭೀಮನದು ಏನಾಯಿತು? ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ನನಗಿಂತ ಮೇಲಿತ್ತು. ಓಟವನ್ನು ನನಗೆ ಕಲಿಸಿದವನೂ ಅವನೇ. ಬರೀ ಆ ಇಸ್ಪೀಟಿನ ಕೇಸಿನಿಂದ ನಡತೆ ಪರಿಶೀಲನೆ ನಿಂತಿದೆ. ಅವನು ಎಲೆ ಮುಟ್ಟಿದವನೂ ಅಲ್ಲ. ಅವರವ್ವ ದ್ಯಾಮಕ್ಕನ ಅಂಗಡಿಯ ಮಿರ್ಚಿ ಕೊಡಲು ಹೋಗಿ ಆಡುವವರ ಜೊತೆ ಸಿಕ್ಕಿಬಿದ್ದ. ಒಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎಂದು ಯಾರೋ ಹೇಳಿದ್ದಕ್ಕೆ ಕೋರ್ಟಿನಲ್ಲಿ ಹೂಂ ಎಂದುಬಿಟ್ಟ. ಅರ್ಜಿಯಲ್ಲಿ ಅದನ್ನು ಬರೆಯಲೋ ಬೇಡವೋ ಎಂದು ನಿಮ್ಮನ್ನು ಕೇಳಿದಾಗ ನಾನೂ ಇದ್ದೆ. "ಖರೇ ಬರಿ, ಸಾಹೇಬರಿಗೆ ತಿಳೀತೈತಿ" ಎಂದಿರಿ. ಬರೆದ.

ಆಗಸ್ಟಿನಲ್ಲಿ ಇನ್ನೊಂದು ತಂಡ ಬರುತ್ತದಂತೆ. ನನ್ನ ಪಕ್ಕದ ಮಂಚದ ಸಿಂಧನೂರಿನ ಹುಡುಗ, ಭೀಮ ಬಂದರೆ ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದಾನೆ. ಭೀಮನ ಫೋನು ಬಂದ್ ಆಗಿದೆ. ಈ ಕಾಗದವನ್ನು ಭೀಮನಿಗೂ ಓದಿ ಹೇಳಿರಿ.

ನಿಮ್ಮ
ಕನಕರಾಜ

*

ಗುಡೇಕೋಟೆ
27 ಜೂನ್ 2023

ಪ್ರೀತಿಯ ಕನಕ,

ನಿನ್ನ ಕಾಗದ ಬಂತು. ಠಾಣೆಯಲ್ಲಿ ನನ್ನ ಹೆಸರಿಗೆ ಸಮನ್ಸು ಬಿಟ್ಟು ಇನ್ನೇನೂ ಬರುವುದಿಲ್ಲ, ಹಾಗಾಗಿ ಎಲ್ಲರೂ ಒಮ್ಮೆ ಲಕೋಟೆ ಮುಟ್ಟಿ ನೋಡಿದರು.

ಚೆನ್ನಾಗಿ ಉಣ್ಣು. ಬೂಟಿನೊಳಗೆ ಒದ್ದೆ ಸಾಕ್ಸ್ ಹಾಕಬೇಡ, ಕಾಲು ಹುಣ್ಣಾಗುತ್ತದೆ. ಯಾರಾದರೂ ಜಾತಿ ಎತ್ತಿ, ಊರು ಎತ್ತಿ ಮಾತಾಡಿದರೆ ಕೈ ಎತ್ತಬೇಡ. ನಿನ್ನ ಸಿಟ್ಟು ಮೂಗಿನ ತುದಿಯಲ್ಲಿದೆ, ಅದನ್ನು ಅಲ್ಲಿಯೇ ಇಟ್ಟುಕೊ. ಕಾನೂನಿನ ಪುಸ್ತಕ ದಿನಕ್ಕೆ ಎರಡು ಪುಟವಾದರೂ ಓದು. ಓಟ ಬರುವವರು ಬಹಳ ಜನ, ಸೆಕ್ಷನ್ ಬರುವವರು ಕಡಿಮೆ.

ಇಲ್ಲಿ ಮಳೆ ಹನಿದಿದೆ. ಬಯಲಿಗೆ ಈಗ ಹೊಸ ಹುಡುಗರು ಬರುತ್ತಿದ್ದಾರೆ. ಮೊದಲ ಸಲ ನಾಲ್ಕು ಹುಡುಗಿಯರೂ ಬಂದಿದ್ದಾರೆ. ಅವರನ್ನು ಓಡಿಸುವುದು ಭೀಮನೇ. ನಾನು ಬಂದೋಬಸ್ತಿಗೆ ಹೋದ ದಿನವೂ ತಪ್ಪಿಸುವುದಿಲ್ಲ. ಹುಡುಗಿಯರು ಅವನಿಗೆ "ಸರ್" ಎನ್ನುತ್ತಾರೆ, ಇವನು ನಾಚಿ ಗುಡ್ಡದ ಕಡೆ ನೋಡುತ್ತಾನೆ.

ಅವನ ಫೈಲು ಇನ್ನೂ ಮೇಲಿದೆ. ಇಂಥವು ನಿಧಾನ. ನೀನು ಅದರ ಚಿಂತೆ ಬಿಡು. ಅವನ ಫೋನು ಕೆಟ್ಟಿದೆಯಂತೆ. ನಿನ್ನ ಕಾಗದ ಓದಿ ಹೇಳಿದೆ. ಪಕ್ಕದ ಮಂಚದ ಮಾತು ಬಂದಾಗ, "ಅವ ರಾತ್ರಿಯೆಲ್ಲಾ ಗೊರಕಿ ಹೊಡಿತಾನ್ರಿ, ಅವನ ಬಾಜೂಕ ಯಾರು ಮಲಗ್ತಾರ" ಎಂದ.

ಇಂತು,
ಗಂಗಾಂಬಿಕಾ

*

ಕಲಬುರಗಿ
20 ಆಗಸ್ಟ್ 2023

ಅಕ್ಕಾವ್ರೆ,

ಹೊಸ ತಂಡ ಬಂತು. ಗೇಟಿನ ಹತ್ತಿರ ನಿಂತು ಒಬ್ಬೊಬ್ಬರ ಮುಖ ನೋಡಿದೆ. ಹರಪನಹಳ್ಳಿಯವನೊಬ್ಬ, ಕೊಟ್ಟೂರಿನವನೊಬ್ಬ ಬಂದರು. ಭೀಮ ಬರಲಿಲ್ಲ.

ಅವನಿಗೆ ಬೇರೆಯಾಗಿ ಎರಡು ಕಾಗದ ಬರೆದಿದ್ದೆ. ಒಂದಕ್ಕೂ ಉತ್ತರವಿಲ್ಲ. ಫೋನು ಕೆಟ್ಟಿದ್ದರೆ ಕೈಯೂ ಕೆಟ್ಟಿದೆಯೇ? ಭಾನುವಾರ ಅವ್ವ ಸಿಕ್ಕಾಗ ಕೇಳಿದರೆ ಅವಳೂ "ಆರಾಮ ಅದಾನಪ್ಪ" ಎಂದು ಕುರಿಯ ಮಾತಿಗೆ ಹೋಗುತ್ತಾಳೆ. ನನಗೆ ಅರ್ಥವಾಗಿದೆ ಅಕ್ಕಾವ್ರೆ. ನಾನು ಬಸ್ಸು ಹತ್ತುವ ದಿನ ಅವನು ಸ್ಟ್ಯಾಂಡಿಗೆ ಬಂದಿದ್ದ, ಆದರೆ ಮಾತಾಡಲಿಲ್ಲ. ಹಿಂದೆ ಓಡುವವನು ಮುಂದೆ ಹೋದದ್ದು ಅವನಿಗೆ ಸಹಿಸಲಾಗಿಲ್ಲ. ಮೇಲೆ ಹೆಸರಿದ್ದವನು ಊರಲ್ಲಿ, ಕೆಳಗೆ ಹೆಸರಿದ್ದವನು ಯೂನಿಫಾರಂನಲ್ಲಿ. ಇರಲಿ, ಬೇಜಾರಾಗುತ್ತದೆ. ಆದರೆ ಅದು ನನ್ನ ತಪ್ಪೇ?

ಇದನ್ನು ಅವನಿಗೆ ಓದಿ ಹೇಳಿರಿ, ಒಂದು ಅಕ್ಷರವನ್ನೂ ಬಿಡದೆ: "ಭೀಮ, ನೀನು ಇಷ್ಟು ಸಣ್ಣವನು ಎಂದು ನನಗೆ ಗೊತ್ತಿರಲಿಲ್ಲ. ನಾನೀಗ ನಮ್ಮ ತಂಡದಲ್ಲಿ ಓಟಕ್ಕೆ ಮೊದಲಿಗ. ನೀನು ಬಂದರೂ ನನ್ನ ಬೆನ್ನು ನೋಡುತ್ತಲೇ ಓಡಬೇಕು. ಹೊಟ್ಟೆಕಿಚ್ಚು ಬಿಟ್ಟು ಒಂದು ಸಾಲು ಬರಿ."

ಇಷ್ಟಾದರೂ ಅವನು ಬರೆಯದಿದ್ದರೆ ನಾನೂ ಕೇಳುವುದಿಲ್ಲ.

ಕನಕರಾಜ

*

ಗುಡೇಕೋಟೆ
9 ಸೆಪ್ಟೆಂಬರ್ 2023

ಕನಕ,

ನೀನು ಹೇಳಿದಂತೆಯೇ ಓದಿ ಹೇಳಿದೆ. ನಕ್ಕ.

ಅವನೀಗ ಊರಲ್ಲಿಲ್ಲ. ಹಂಪಸಾಗರದ ಕಡೆ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕಿದೆ ಎಂದು ಹೋಗಿದ್ದಾನೆ. ಬಯಲಿಗೆ ಹುಡುಗರು ಕಡಿಮೆಯಾಗಿದ್ದಾರೆ.

ನೀನು ನಿನ್ನ ತರಬೇತಿ ನೋಡಿಕೊ. ನನಗೂ ವರ್ಗಾವಣೆಯ ಸುದ್ದಿ ಇದೆ. ಕಾಗದ ತಡವಾದರೆ ತಪ್ಪು ತಿಳಿಯಬೇಡ.

ಗಂಗಾಂಬಿಕಾ

*

ಕಲಬುರಗಿ
14 ಜನವರಿ 2024

ಅಕ್ಕಾವ್ರಿಗೆ ನಮಸ್ಕಾರ.

ದೀಪಾವಳಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ನೀವು ಹರಪನಹಳ್ಳಿಗೆ ಹೋದಿರಿ ಎಂದು ಅವ್ವ ಹೇಳಿದಳು, ಆದ್ದರಿಂದ ಇದನ್ನು ಅಲ್ಲಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಫೆಬ್ರವರಿ ಹತ್ತಕ್ಕೆ ನಮ್ಮ ನಿರ್ಗಮನ ಪಥಸಂಚಲನ. ಮನೆಯಿಂದ ಇಬ್ಬರನ್ನು ಕರೆಯಬಹುದು. ಅಪ್ಪ, ಅವ್ವ ಕುರಿ ಬಿಟ್ಟು ಬರುವುದಿಲ್ಲ. ನಾನು ಕೊಟ್ಟಿರುವುದು ನಿಮ್ಮ ಹೆಸರು ಮತ್ತು ಭೀಮನ ಹೆಸರು. ಸಿಟ್ಟಿನಲ್ಲಿ ಏನೇನೋ ಬರೆದುಬಿಟ್ಟೆ. ಅವನು ನಕ್ಕ ಎಂದಿರಲ್ಲ, ಅಂದಿನಿಂದ ನನ್ನ ಮನಸ್ಸೂ ಹಗುರಾಗಿದೆ. ನಗುವವನು ಸಿಟ್ಟಾಗಿರುವುದಿಲ್ಲ. ಅವನನ್ನು ಹೇಗಾದರೂ ಎಳೆದುಕೊಂಡು ಬನ್ನಿರಿ. ಹೊಳೆಸಾಲಿನ ಕೆಲಸ ಎರಡು ದಿನ ಬಿಟ್ಟರೆ ತುಂಗಭದ್ರೆ ಬತ್ತುವುದಿಲ್ಲ.

ನನಗೆ ಹೊಸಪೇಟೆಯ ಜಿಲ್ಲಾ ಸಶಸ್ತ್ರ ಪಡೆಗೆ ಹಾಕಿದ್ದಾರೆ. ಊರಿಗೆ ಹತ್ತಿರ.

ನಿಮ್ಮ
ಕನಕರಾಜ

*

ಗುಡೇಕೋಟೆ
18 ಫೆಬ್ರವರಿ 2024

ಹೆಡ್ ಕಾನ್‌ಸ್ಟೇಬಲ್ ಗಂಗಾಂಬಿಕಾ ಅವರಿಗೆ,

ಪಥಸಂಚಲನ ಮುಗಿಯಿತು. ನೀವು ಬರಲಿಲ್ಲ. ಎಲ್ಲರ ತಾಯಂದಿರು ಮಕ್ಕಳ ಟೋಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹೋಗಿ ಟ್ರಂಕು ಕಟ್ಟಿದೆ.

ರಜೆಗೆ ಊರಿಗೆ ಬಂದವನು ಮನೆಗೂ ಹೋಗದೆ ನೆಟ್ಟಗೆ ದ್ಯಾಮಕ್ಕನ ಅಂಗಡಿಗೆ ಹೋದೆ. ಅಂಗಡಿ ಮುಚ್ಚಿತ್ತು. ಹಿಂದಿನ ಬಾಗಿಲಿಂದ ಕರೆದೆ. ನನ್ನ ಖಾಕಿ ನೋಡಿ ಆಕೆ ಗೋಡೆ ಹಿಡಿದು ಎದ್ದು ನಿಂತಳು.

"ಮತ್ತ ಏನಾತ್ರಿ? ನನ್ನ ಮಗಗ ಏನಾತ್ರಿ?"

"ದ್ಯಾಮಕ್ಕ, ನಾನು ಕನಕ."

ಆಗ ಗುರುತು ಹಿಡಿದಳು. ಹತ್ತಿರ ಬಂದು ನನ್ನ ತೋಳಿನ ಬಟ್ಟೆ ಸವರಿ ನೋಡಿದಳು. "ಚಲೋ ಒಪ್ಪತೈತಿ ನಿನಗ. ಅವನಿಗೂ ಇಂಥದ್ದ ಬೇಕಿತ್ತು" ಎಂದಳು.

ಎಲ್ಲ ಆಕೆಯೇ ಹೇಳಿದಳು. ನಾನು ಕಲಬುರಗಿ ಮುಟ್ಟಿದ ವಾರದಲ್ಲೇ ಭೀಮನ ಅರ್ಜಿ ತಿರಸ್ಕಾರವಾದದ್ದು. ಡಿಸೆಂಬರಿನಲ್ಲಿ ಮಾಗಳದ ಹತ್ತಿರ ಅವನು ಓಡಿಸುತ್ತಿದ್ದ ಕಳ್ಳ ಮರಳಿನ ಟ್ರ್ಯಾಕ್ಟರ್ ಮೇಲೆ ಪೊಲೀಸರ ದಾಳಿಯಾದದ್ದು, ಅಡ್ಡ ನಿಂತ ಹೋಮ್‌ಗಾರ್ಡ್ ಮಂಜಣ್ಣನ ಕಾಲ ಮೇಲೆ ಗಾಲಿ ಹತ್ತಿದ್ದು. ಕೊಲೆ ಯತ್ನದ ಕೇಸು, ಬಳ್ಳಾರಿ ಜೈಲು. "ಊರಾಗ ಎಲ್ಲರಿಗೂ ಹೇಳಿದ್ದ, ಕನಕಗ ಹೇಳಬ್ಯಾಡ್ರಿ ಅಂತ. ನಿಮ್ಮವ್ವಗೂ ಆಣಿ ಹಾಕಿಸಿದ್ದ."

ಊರಿನವರು ಓದು ಬರಹ ಬಾರದವರು, ಅವರನ್ನು ಬಿಡಿರಿ. ನೀವು? "ಫೈಲು ಮೇಲಿದೆ" ಎಂದು ನಿಮ್ಮ ಕೈಯಲ್ಲೇ ಬರೆದಿರಿ. ಆಗ ಫೈಲು ಎಲ್ಲಿಯೂ ಇರಲಿಲ್ಲ. ನಾನು ಅವನನ್ನು ಸಣ್ಣವನು ಎಂದು ಬಯ್ಯುವುದನ್ನು ಕಂಡೂ ತಡೆಯಲಿಲ್ಲ. ಓದಿ ಹೇಳಿದಿರಿ. ಖರೇ ಬರಿ ಎಂದು ಅವನಿಗೆ ಕಲಿಸಿದವರು ನೀವು.

ಪಥಸಂಚಲನಕ್ಕೆ ಏಕೆ ಬರಲಿಲ್ಲ ಎಂದು ಕೇಳುವುದಿಲ್ಲ. ನನ್ನ ಮುಖ ನೋಡಲು ಆಗದೆ ಇದ್ದಿರಬೇಕು.

ಕನಕರಾಜ

*

ಹರಪನಹಳ್ಳಿ
5 ಮಾರ್ಚ್ 2024

ಕನಕರಾಜ,

ನಿನ್ನ ಕಾಗದವನ್ನು ಎರಡು ವಾರ ಇಟ್ಟುಕೊಂಡು ಕುಳಿತೆ. ಏನು ಬರೆದರೂ ನೆಪವಾಗಿ ಕಾಣುತ್ತದೆ. ಆದರೂ ನಡೆದದ್ದು ನಿನಗೆ ತಿಳಿಯಬೇಕು.

ಆದೇಶ ಬಂದ ದಿನ ಭೀಮ ಠಾಣೆಗೆ ಬಂದ. ಕೂರು ಎಂದರೆ ಕೂರಲಿಲ್ಲ. "ನಾನು ಖರೇ ಬರೀಬಾರದಿತ್ತೇನ್ರಿ ಅಕ್ಕಾವ್ರೆ?" ಎಂದು ಕೇಳಿದ. ಮುಚ್ಚಿಟ್ಟಿದ್ದರೂ ಪರಿಶೀಲನೆಯಲ್ಲಿ ಸಿಗುತ್ತಿತ್ತು ಎಂದು ಹೇಳಿದೆ. ಅದು ನಿಜ. ಆದರೆ ಅವನು ಕೇಳಿದ್ದು ಅದನ್ನಲ್ಲ. ಆಮೇಲೆ ಹೇಳಿದ: "ಕನಕಗ ಹೇಳಬ್ಯಾಡ್ರಿ. ಅವ ಹುಚ್ಚ. ಭೀಮ ಇಲ್ಲದ ನೌಕರಿ ನನಗ್ಯಾಕ ಅಂತ ಎಲ್ಲಾ ಬಿಟ್ಟು ಬಂದುಬಿಡ್ತಾನ. ಅವನ ಪರೇಡ್ ಮುಗಿಯೋತನಕ ಬಾಯಿ ಬಿಡಬ್ಯಾಡ್ರಿ." ನೀನು ಬಂದುಬಿಡುತ್ತಿದ್ದೆ ಎಂದು ನನಗೂ ಅನ್ನಿಸಿತು. ಮಾತು ಕೊಟ್ಟೆ. ಅಪೀಲು ಬರೆದು ಎರಡು ಸಲ ಹೊಸಪೇಟೆಯ ಜಿಲ್ಲಾ ಪೊಲೀಸ್ ಕಚೇರಿಗೆ ಹೋದೆ. "ನೀವು ಹುಡುಗರನ್ನ ಓಡಿಸ್ರಿ, ನೇಮಕಾತಿ ನಾವು ನೋಡ್ಕೊಂತೀವಿ" ಎಂದರು.

ಅಷ್ಟಾದರೂ ಅವನು ಬಯಲಿಗೆ ಬರುತ್ತಿದ್ದ. ತನಗೆ ಸಿಗದ ಕೆಲಸಕ್ಕೆ ಬೇರೆಯವರನ್ನು ತಯಾರು ಮಾಡುತ್ತಿದ್ದ. ಅದನ್ನು ನೋಡಿ, ಇವನು ಗಟ್ಟಿಗ, ತಡೆದುಕೊಂಡ ಎಂದುಕೊಂಡೆ. ಇಪ್ಪತ್ತೆಂಟು ವರ್ಷ ಜನರ ಮುಖ ನೋಡುವ ಕೆಲಸ ಮಾಡಿಯೂ ಅಷ್ಟೇ ತಿಳಿಯಿತು.

ನಿನ್ನ ಆಗಸ್ಟಿನ ಕಾಗದ ಬಂದಾಗ ಓದಬಾರದು ಎಂದೇ ಇದ್ದೆ. ಆಮೇಲೆ, ಇದನ್ನು ಕೇಳಿದರೆ ಸಿಟ್ಟಿಗಾದರೂ ನಿನಗೆ ತಾನೇ ಬರೆದು ಎಲ್ಲ ಹೇಳಿಬಿಡುತ್ತಾನೆ, ನನ್ನ ಮಾತೂ ಉಳಿಯುತ್ತದೆ ಅನ್ನಿಸಿತು. ಓದಿದೆ. ಇನ್ನೊಮ್ಮೆ ಓದ್ರಿ ಎಂದ. ಓದಿದೆ. ನಕ್ಕ. "ಮೊದಲನೆಯವ ಆದನಲ್ಲ, ಸಾಕು ಬಿಡ್ರಿ" ಎಂದ. ಮರುದಿನ ಹುಡುಗಿಯರು ಬಯಲಿನಲ್ಲಿ ಕಾದು ಕಾದು ಮನೆಗೆ ಹೋದರು. ಹಂಪಸಾಗರಕ್ಕೆ ಹೋಗಿದ್ದಾನೆ ಎಂದು ದ್ಯಾಮಕ್ಕನಿಂದ ತಿಳಿಯಿತು. ಎಂಥ ಟ್ರ್ಯಾಕ್ಟರ್ ಎಂದು ಕೇಳಬೇಕಿತ್ತು. ಹೊಳೆದಂಡೆಯಲ್ಲಿ ರಾಶಿ ದುಡ್ಡು ಕೊಟ್ಟು ಡ್ರೈವರನ್ನು ಇಟ್ಟುಕೊಳ್ಳುವುದು ಯಾವ ಕೆಲಸಕ್ಕೆ ಎಂದು ನನ್ನಂಥವಳಿಗೆ ಗೊತ್ತಿರಬೇಕಿತ್ತು.

ಮಾಗಳದಲ್ಲಿ ಜೀಪು ಕಂಡ ಕೂಡಲೇ ಉಳಿದವರು ಇಳಿದು ಓಡಿದರಂತೆ. ಓಡಿದ್ದರೆ ಇವನನ್ನು ಹಿಡಿಯುವವರು ಯಾರಿದ್ದರು? ಆದರೆ ಇವನು ಗಾಡಿ ಬಿಡಲಿಲ್ಲ. ಇನ್ನೊಂದು ಕೇಸಾದರೆ ಮುಗಿಯಿತು ಎಂದು ಹೆದರಿ ಓಡಿಸಿಬಿಟ್ಟೆ ಎಂದು ಹೇಳಿಕೆ ಕೊಟ್ಟಿದ್ದಾನೆ. ಮಂಜಣ್ಣ ಅಡ್ಡ ನಿಂತದ್ದು ಕಂಡಿತ್ತೇ, ಇಲ್ಲವೇ? ಅವನಿಗೇ ಸರಿಯಾಗಿ ಹೇಳಲು ಬರುತ್ತಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಮಂಜಣ್ಣನನ್ನು ನೋಡಿ ಬಂದೆ. ಮೊಣಕಾಲ ಕೆಳಗೆ ತೆಗೆದಿದ್ದಾರೆ. ಆತನ ಹೆಂಡತಿ ರೇಣುಕಾ ಗಂಜಿ ಕುಡಿಸುತ್ತಿದ್ದಳು. "ಅವ ನಿಮ್ಮ ಹುಡುಗನೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಆಕೆ ಬಯ್ಯಲಿಲ್ಲ. ಬೆನ್ನು ತಿರುಗಿಸಿ ಕುಳಿತಳು. ನಾನು ತಂದ ಹಣ್ಣು ಕಿಟಕಿಯ ಮೇಲೆ ಹಾಗೇ ಇತ್ತು.

ಯುವಸ್ನೇಹದ ಫ್ಲೆಕ್ಸಿನಲ್ಲಿ ನೀವಿಬ್ಬರೂ ಇದ್ದಿರಿ. ಪತ್ರಿಕೆಯಲ್ಲಿ ಸುದ್ದಿ ಬಂದ ಮರುದಿನ ಅದನ್ನು ಇಳಿಸಿ ಬೇರೆ ಕಟ್ಟಿದರು. ಅದರಲ್ಲಿ ನೀನೊಬ್ಬನೇ, ಅಂಚಿನಲ್ಲಿ ಅವನ ಮೊಣಕೈ ಉಳಿದಿದೆ. ಅದರ ಕೆಳಗೆ ನಿಂತು ಇನ್ನು ಯಾರಿಗೂ "ಓಡಿರಿ" ಎನ್ನಲು ನನಗೆ ಆಗಲಿಲ್ಲ. ವರ್ಗಾವಣೆ ಬಂದದ್ದು ಒಳ್ಳೆಯದೇ ಆಯಿತು. ಆ ನಾಲ್ಕು ಹುಡುಗಿಯರು ಈಗ ಏನು ಮಾಡುತ್ತಿದ್ದಾರೋ ತಿಳಿಯದು.

ಫೆಬ್ರವರಿ ಹತ್ತಕ್ಕೆ ನಿನ್ನಲ್ಲಿಗೆ ಬರಲು ರಜೆ ತೆಗೆದುಕೊಂಡಿದ್ದೆ. ಹಿಂದಿನ ಸಂಜೆ ದ್ಯಾಮಕ್ಕನ ಫೋನು ಬಂತು: ಜಾಮೀನಿನ ವಿಷಯಕ್ಕೆ ವಕೀಲರು ಬಾ ಎಂದಿದ್ದಾರೆ, ಜೊತೆಗೆ ಯಾರೂ ಇಲ್ಲ. ಒಬ್ಬನಿಗೆ ಚಪ್ಪಾಳೆ ತಟ್ಟಲು ಬಹಳ ಜನ ಇರುತ್ತಾರೆ ಎಂದುಕೊಂಡು ಸೀರೆಯುಟ್ಟು ಆಕೆಯ ಜೊತೆ ಹೋದೆ. ಜಾಮೀನು ಸಿಗಲಿಲ್ಲ.

ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ನೌಕರಿಯ ಮೇಲೆ ತೋರಿಸಬೇಡ.

ಗಂಗಾಂಬಿಕಾ

*

ಹೊಸಪೇಟೆ
22 ಆಗಸ್ಟ್ 2024

ಅಕ್ಕಾವ್ರಿಗೆ ನಮಸ್ಕಾರ.

ಐದು ತಿಂಗಳು ನಿಮಗೆ ಬರೆಯಲಿಲ್ಲ. ಎರಡು ಸಲ ಫೋನು ಹಚ್ಚಿ, ನಿಮ್ಮ ಧ್ವನಿ ಕೇಳಿ ಇಟ್ಟುಬಿಟ್ಟೆ. ನಿನ್ನೆ ನಡೆದದ್ದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗದು.

ನಮ್ಮ ಪಡೆಯ ಕೆಲಸ ನಿಮಗೆ ಗೊತ್ತೇ ಇದೆ. ಒಂದು ದಿನ ಗಣ್ಯರ ಬಂದೋಬಸ್ತು, ಒಂದು ದಿನ ಕೈದಿಗಳನ್ನು ಕೋರ್ಟಿಗೆ ಒಯ್ಯುವುದು. ಮೊನ್ನೆ ಸಂಜೆ ಹಚ್ಚಿದ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬಳ್ಳಾರಿ ಜೈಲು, ಹಡಗಲಿ ಕೋರ್ಟು, ಭೀಮರಾಜ ಎಂದಿತ್ತು. ನಮ್ಮ ಭೀಮನೇ. ಬದಲಿಸಿರಿ ಎಂದು ಕೇಳಬಹುದಿತ್ತು. ಸಾಹೇಬರು ಒಳ್ಳೆಯವರು, ಬದಲಿಸುತ್ತಿದ್ದರು. ಕೇಳಲಿಲ್ಲ. ಬೇರೆ ಯಾರೋ ಅವನನ್ನು "ನಡೀಲೇ" ಎಂದು ನೂಕುವುದಕ್ಕಿಂತ ನಾನೇ ಹೋಗುವುದು ಸರಿ ಅನ್ನಿಸಿತು.

ಜೈಲಿನ ಬಾಗಿಲಲ್ಲಿ ಅವನು ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಸೊರಗಿದ್ದಾನೆ. ನನ್ನ ಟೋಪಿಯಿಂದ ಬೂಟಿನವರೆಗೆ ನೋಡಿದ. "ಬೂಟಿಗೆ ಪಾಲಿಶ್ ಬರೋಬ್ಬರಿ ಹಾಕಿಲ್ಲಲೇ" ಎಂದ. ನನ್ನ ಜೊತೆ ಬಂದಿದ್ದ ಹಿರಿಯ ಪೇದೆ ಕೊಟ್ರಸ್ವಾಮಿ ಅಣ್ಣನವರಿಗೆ ಏನೋ ತಿಳಿಯಿತು. ಬಸ್ಸಿನಲ್ಲಿ ನಮ್ಮಿಬ್ಬರನ್ನು ಒಂದು ಸೀಟಿಗೆ ಬಿಟ್ಟು ತಾವು ಹಿಂದಿನ ಸೀಟಿನಲ್ಲಿ ಕೂತರು.

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಅವನೇ ಕೇಳಿದ.

"ಅವ್ವ ಹೆಂಗದಾಳ?"

"ಅಂಗಡಿ ಮತ್ತ ತೆಗೆದಾಳ. ಸಂತಿ ದಿನ ಅಷ್ಟ."

"ಮಂಜಣ್ಣ?"

"ಕೋಲು ಹಿಡಿದು ಓಡಾಡ್ತಾನಂತ."

ಅವನು ಕಿಟಕಿ ಕಡೆ ತಿರುಗಿದ. "ಜೈಲಿನಾಗ ದಿನಾ ಮುಂಜಾಲಿ ಅಂಗಳಕ ಬಿಡ್ತಾರ. ಎಲ್ಲರೂ ಸುತ್ತು ಹಾಕ್ತಾರ. ನನಗ ಓಡಾಕ ಮನಸಾಗೋದಿಲ್ಲ. ಕುಂತುಬಿಡ್ತೀನಿ" ಎಂದ.

ನಾನು ಆ ಕಾಗದದ ಮಾತೆತ್ತಿದೆ. ಗೊತ್ತಿಲ್ಲದೆ ಬರೆದೆ ಎಂದು ಹೇಳಹೊರಟೆ. "ಅದೆಲ್ಲಾ ಯಾಕ ಈಗ" ಎಂದು ನಿಲ್ಲಿಸಿದ. ಕ್ಷಮಿಸಿದ ಹಾಗೆ ಇರಲಿಲ್ಲ ಅಕ್ಕಾವ್ರೆ, ಸಿಟ್ಟಿನ ಹಾಗೂ ಇರಲಿಲ್ಲ. ಆ ಮಾತು ಅವನಿಗೆ ದೂರದ ಯಾರದೋ ಸುದ್ದಿಯಾಗಿತ್ತು.

ಹಡಗಲಿಯಲ್ಲಿ ಇಳಿದೆವು. ಕೋರ್ಟಿನ ಅಪ್ಪಣೆ ಇಲ್ಲದೆ ಬೇಡಿ ಹಾಕುವಂತಿಲ್ಲ, ಕೈ ಹಿಡಿದೇ ನಡೆಸಬೇಕು. ಬೆರಳಲ್ಲಿ ಬೆರಳು ಹೆಣೆದು ಹಿಡಿಯಬೇಕು, ಆಗ ಕಿತ್ತುಕೊಂಡು ಓಡಲು ಬರುವುದಿಲ್ಲ ಎಂದು ತರಬೇತಿಯಲ್ಲಿ ಕಲಿಸಿದ್ದರು. ಹಾಗೆಯೇ ಹಿಡಿದು ಸ್ಟ್ಯಾಂಡಿನಿಂದ ಕೋರ್ಟಿನತನಕ ನಡೆದೆವು. ಹೂವಿನ ಅಂಗಡಿಯವರು, ಕಾಲೇಜಿನ ಹುಡುಗರು, ಎಲ್ಲರೂ ಮೊದಲು ನನ್ನ ಮುಖ, ಆಮೇಲೆ ಅವನ ಮುಖ, ಆಮೇಲೆ ಕೈ ನೋಡುತ್ತಿದ್ದರು.

ಒಳಗೆ ಎರಡು ನಿಮಿಷದ ಕೆಲಸ. ಸಾಕ್ಷಿ ಬಂದಿರಲಿಲ್ಲ, ಮುಂದಿನ ತಾರೀಖು ಕೊಟ್ಟರು.

ವಾಪಸು ಬರುವಾಗ ಸ್ಟ್ಯಾಂಡಿನ ಹೊರಗೆ ಚಹಾ ಕುಡಿಸಿದೆ. ರೊಕ್ಕ ಕೊಡಲು ಜೇಬಿಗೆ ಕೈ ಹಾಕಬೇಕಿತ್ತು, ಅವನ ಕೈ ಬಿಟ್ಟೆ. ಕೊಟ್ರಸ್ವಾಮಿ ಅಣ್ಣನವರು ಬಸ್ಸು ಕೇಳಲು ಆಚೆ ಹೋಗಿದ್ದರು. ಎದುರಿಗೆ ಬಯಲು, ಅದರಾಚೆ ರಸ್ತೆ. ಖರೇ ಹೇಳುತ್ತೇನೆ, ಅವನು ಓಡಿದ್ದರೆ ನಾನು ಹಿಂದೆ ಓಡುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಚಿಲ್ಲರೆ ಎಣಿಸುವ ನೆಪದಲ್ಲಿ ನಾನು ತಲೆ ಎತ್ತಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಅವನ ಕೈ ಬಂದು ನನ್ನ ಕೈಯೊಳಗೆ ಸೇರಿತು. ಬೆರಳಲ್ಲಿ ಬೆರಳು ತಾನೇ ಹೆಣೆದ.

"ಹಿಡ್ಕೋಲೇ," ಎಂದ. "ನಿನ್ನ ನೌಕರಿ ಹೋಗ್ತೈತಿ."

ಬಳ್ಳಾರಿ ಮುಟ್ಟುವತನಕ ಬಿಡಲಿಲ್ಲ. ಅವನು ಭುಜಕ್ಕೆ ತಲೆ ಆನಿಸಿ ನಿದ್ದೆ ಮಾಡಿದ. ಜೈಲಿನ ಬಾಗಿಲಲ್ಲಿ ಒಬ್ಬ ಕೈದಿಯನ್ನು ಒಪ್ಪಿಸಿದ್ದೇನೆ ಎಂದು ಸಹಿ ಹಾಕಬೇಕು. ಪೆನ್ನು ಹಿಡಿಯಲು ನಾನೇ ಅವನ ಕೈ ಬಿಡಿಸಬೇಕಾಯಿತು.

ನಿಮ್ಮ
ಕನಕರಾಜ